ಅಳಿಯಂದಿರ ಶೇವಿಂಗ್ ಪೆಟ್ಟಿಗೆ

ಊರಿಗೆ ಹೊರಟಾಗ ನಾನು ಪಂಚೆ ಮರೆತದ್ದುಂಟು, ಒಮ್ಮೆ ಹೆಂಡತಿಯನ್ನೇ ಬಸ್‌ಸ್ಟ್ಯಾಂಡಿನಲ್ಲಿ ಮರೆತದ್ದುಂಟು. ಶೇವಿಂಗ್ ಪೆಟ್ಟಿಗೆಯನ್ನು ಮಾತ್ರ ಮರೆತವನಲ್ಲ. ಕಂದು ಚರ್ಮದ ಪೆಟ್ಟಿಗೆ. ಮುಚ್ಚಳದೊಳಗೆ ಅಂಗೈಯಗಲ ಕನ್ನಡಿ. ಬ್ರಷ್ಷು, ರೇಜರು, ಬಾಚಣಿಗೆ, ಸೋಪು ಎಲ್ಲಕ್ಕೂ ಒಂದೊಂದು ಗೂಡು. ಹಿಂದೆ ಅರಸರಿಗೆ ಕನ್ನಡಿ ಹಿಡಿಯಲು ಒಬ್ಬ, ಎಲೆಯಡಿಕೆಯ ಹಡಪ ಹೊರಲು ಇನ್ನೊಬ್ಬ ಇರುತ್ತಿದ್ದರಂತೆ. ಕಡೂರಿನ ನಿವೃತ್ತ ಮೇಷ್ಟರಾದ ನನಗೆ ಈ ಪೆಟ್ಟಿಗೆಯೇ ಇಡೀ ಪರಿವಾರ.

ಮದುವೆಯಲ್ಲಿ ವರನಿಗೆ ಶೇವಿಂಗ್ ಸೆಟ್ ಕೊಡುವುದು ನಮ್ಮ ಕಡೆಯ ಪದ್ಧತಿ. ತರೀಕೆರೆಯ ನಮ್ಮ ಮಾವನವರು ಮುಂದಾಲೋಚನೆಯವರು. ಇಬ್ಬರು ಹೆಣ್ಣುಮಕ್ಕಳಿಗೂ ಗಂಡು ಗೊತ್ತಾಗುವ ಮೊದಲೇ ಒಂದೇ ಅಂಗಡಿಯಲ್ಲಿ ಒಂದೇ ಥರದ ಎರಡು ಪೆಟ್ಟಿಗೆ ಕೊಂಡಿಟ್ಟಿದ್ದರು. ಅಳಿಯಂದಿರಲ್ಲಿ ಭೇದ ಮಾಡಿದರೆಂಬ ಮಾತು ಬರಬಾರದಲ್ಲ. ಒಂದು ನನ್ನ ಪಾಲಿಗೆ ಬಂತು, ಇನ್ನೊಂದು ಅಜ್ಜಂಪುರದ ನನ್ನ ಷಡ್ಡಕನ ಪಾಲಿಗೆ.

ಈ ಷಡ್ಡಕನಿಗೆ ಅರವತ್ತಾದರೂ ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. "ಅವ್ರ ತಲೆ ನೋಡ್ರೀ, ನಿಮ್ದೂ ಐತೆ ಒಂದು" ಎಂದು ನನ್ನ ಹೆಂಡತಿ ಹೇಳದ ಹಬ್ಬವಿಲ್ಲ.

ಈ ಸಲ ಯುಗಾದಿಗೆ ಎಲ್ಲರೂ ತರೀಕೆರೆಯಲ್ಲಿ ಸೇರಿದ್ದೆವು. ಮನೆಗೆ ಬಂದು ಪೆಟ್ಟಿಗೆ ತೆರೆದರೆ, ರೇಜರಿನ ಪಕ್ಕದಲ್ಲಿ ತಲೆಗೆ ಹಚ್ಚುವ ಕಪ್ಪು ಬಣ್ಣದ ಪ್ಯಾಕೆಟ್ಟು! ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹೆಂಡತಿಯನ್ನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಹೊಳೆಯಿತು. ಹಾಗಾದರೆ ನನ್ನ ಪೆಟ್ಟಿಗೆ ಅವನಲ್ಲಿದೆ. ಅದರಲ್ಲಿ ಸೋಪಿನ ಅಡಿಗೆ ನಶ್ಯದ ಡಬ್ಬಿಯಿದೆ. ನಶ್ಯ ಬಿಟ್ಟೆನೆಂದು ದೇವರ ದೀಪದ ಮುಂದೆ ಹೆಂಡತಿಗೆ ಮಾತು ಕೊಟ್ಟು ವರ್ಷವಾಗಿತ್ತು. ಅವನು ತನ್ನ ಹೆಂಡತಿಗೆ ಒಂದು ಮಾತು ಹೇಳಿದರೆ ಅವಳ ಅಕ್ಕನಿಗೆ ಫೋನ್ ಬರಲು ಐದು ನಿಮಿಷ ಸಾಕು. ನಿಜಕ್ಕೂ ಹೆದರಿದೆ.

ಸಂಜೆ ಅವನೇ ಫೋನ್ ಮಾಡಿದ. "ಭಾವ, ಪೆಟ್ಟಿಗೆ ಅದ್ಲುಬದ್ಲಾಗೈತೆ. ನಾಳೆ ಬೀರೂರು ಸ್ಟೇಷನ್‌ಗೆ ಬತ್ತೀನಿ, ನೀವೂ ಬಂದ್ಬಿಡಿ."

"ತೆಗ್ದು ನೋಡಿದ್ಯೇನಪ್ಪಾ?" ಎಂದೆ.

"ಇಲ್ಲ ಭಾವ. ನೀವು?"

"ನಾನ್ಯಾಕೆ ನೋಡ್ಲಿ."

ತೆರೆಯದೆ ಬದಲಾದದ್ದು ಹೇಗೆ ಗೊತ್ತಾಯಿತೆಂದು ಇಬ್ಬರೂ ಕೇಳಲಿಲ್ಲ.

ಬೀರೂರಿನಲ್ಲಿ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಪೆಟ್ಟಿಗೆ ಬದಲಾಯಿಸಿಕೊಂಡೆವು. ಮನೆಗೆ ಬಂದು ತೆರೆದೆ. ತಳ ಕಾಣುತ್ತಿದ್ದ ನಶ್ಯದ ಡಬ್ಬಿ ಅಂಚಿನವರೆಗೆ ತುಂಬಿತ್ತು. ಕೂಗಲು ಬಾಯಿ ತೆರೆದದ್ದು ನೆನಪಾಗಿ ಬಹಳ ನಾಚಿಕೆಯಾಯಿತು.

ಮೊನ್ನೆ ಹೆಂಡತಿ ಮತ್ತೆ ಅವನ ಕೂದಲನ್ನು ಹೊಗಳಿದಳು.

"ಅದು ಅವ್ರ ವಂಶದಲ್ಲೇ ಬಂದಿರೋದು ಕಣೇ" ಎಂದು ಹೇಳಿ, ಮೂಗು ಒರೆಸಿಕೊಂಡೆ.