ಸಂಜೀವಣ್ಣ ಮತ್ತು ನಮ್ಮ ಬಾವಿ

ಕೊಡಪಾನದೊಳಗೆ ಮೂಗು ತೂರಿಸಿ ನಿಂತ ಸಂಜೀವಣ್ಣನನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತಿತ್ತು. ಕಾಪುವಿನಲ್ಲಿ ಸ್ವಂತ ಪೆಟ್ರೋಲ್ ಬಂಕ್ ಇಟ್ಟಿದ್ದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಿಗ್ಗೆ ಬೆಳಿಗ್ಗೆ ನಮ್ಮ ಬಾವಿಕಟ್ಟೆಗೆ ಬಂದು, ನೀರು ಸೇದಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. "ಇವತ್ತು ಸ್ವಲ್ಪ ಕಡಿಮೆ ಉಂಟು," ಎಂದು ತಮಗೆ ತಾವೇ ಹೇಳಿಕೊಂಡು ಹೊರಟುಬಿಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಬಾವಿನೀರು ಪೆಟ್ರೋಲ್ ನಾರುತ್ತದೆ ಎಂದು ಅಮ್ಮ ಬಂಕಿಗೇ ಹೋಗಿ ಹೇಳಿದಾಗ ಅವರು ಗಟ್ಟಿಯಾಗಿ ನಕ್ಕಿದ್ದರು. "ಎಂತ ಅಕ್ಕ, ನನ್ನ ಟ್ಯಾಂಕ್ ಎಲ್ಲಿ, ನಿಮ್ಮ ಬಾವಿ ಎಲ್ಲಿ! ನಡುವೆ ಇಡೀ ಗದ್ದೆ ಉಂಟಲ್ವಾ?" ಊರಿನ ಮದುವೆಗಳಿಗೆ ಅವರು ಬಂದದ್ದು ಆ ನಗುವಿನಿಂದಲೇ ಗೊತ್ತಾಗುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ವಾಸನೆ ನಮ್ಮ ಅಂಗಳಕ್ಕೇ ಬಂತು. ಬಂಕಿನ ನೆಲ ಅಗೆದರೆ ಟ್ಯಾಂಕಿನ ಅಡಿ ತುಕ್ಕು ಹಿಡಿದು ತೂತಾಗಿತ್ತು. ಆಮೇಲೆ ಅವರು ನಕ್ಕದ್ದನ್ನು ನಾನು ಕೇಳಿಲ್ಲ.

ಬಂಕ್ ಮುಚ್ಚಿದರು. ನಮ್ಮ ಹಿತ್ತಿಲಲ್ಲಿ ಕೊಳವೆ ಇಳಿಸಿ, ನೆಲದಡಿಯ ನೀರನ್ನು ಪಂಪಿನಿಂದ ಎತ್ತಿ, ಇದ್ದಲು ತುಂಬಿದ ಡ್ರಮ್ಮುಗಳಲ್ಲಿ ಸೋಸುವ ಏರ್ಪಾಡು ಮಾಡಿಸಿದರು. ಕುಡಿಯುವ ನೀರನ್ನು ಟ್ಯಾಂಕರಿನಲ್ಲಿ ಕಳಿಸಿದರು. ಆದರೆ ಮುರಕಲ್ಲಿನ ಸಂದಿಗೆ ಇಳಿದ ಎಣ್ಣೆ ಅಷ್ಟು ಸುಲಭದಲ್ಲಿ ಬರುವುದೇ? ಬೇಸಗೆಯಲ್ಲಿ ಕಡಿಮೆಯಾದದ್ದು ಮಳೆ ಬಿದ್ದು ಒರತೆ ಏರಿದ ಕೂಡಲೇ ಮತ್ತೆ ಬಾವಿಗೆ ಬರುತ್ತಿತ್ತು.

ದೈವಸ್ಥಾನಕ್ಕೆ ತಪ್ಪುಕಾಣಿಕೆ ಹಾಕಿ ಬಂದೆ ಎಂದು ಒಮ್ಮೆ ಅಂಗಳದಲ್ಲಿ ನಿಂತು ಹೇಳಿದರು. ಅಮ್ಮ ಒಳಗಿನಿಂದಲೇ, "ದೈವ ಈ ಬಾವಿಯ ನೀರು ಕುಡಿಯುವುದಿಲ್ಲವಲ್ಲ," ಎಂದರು. ಸಂಜೀವಣ್ಣ ತಲೆ ತಗ್ಗಿಸಿ ಹೋದರು. ನನಗೆ ಅಮ್ಮನ ಮೇಲೆ ಸಿಟ್ಟು ಬಂತು. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ ಎನ್ನುವುದೂ ನಿಜ.

ಕಳೆದ ಮಳೆಗಾಲದಲ್ಲಿ ಅವರು ಮಣಿಪಾಲದ ಆಸ್ಪತ್ರೆ ಸೇರಿದರು. ಇನ್ನು ಉಳಿಯುವುದಿಲ್ಲ ಎಂಬ ಸುದ್ದಿ ಕೇಳಿ ಅಮ್ಮ ತಾವಾಗಿಯೇ ನನ್ನೊಂದಿಗೆ ಹೊರಟರು. ಆ ದೊಡ್ಡ ದೇಹ ಹಾಸಿಗೆಯಲ್ಲಿ ಅರ್ಧವಾಗಿತ್ತು.

"ಅಕ್ಕ, ಬಾವಿ ಹೇಗುಂಟು?"

"ಸರಿಯಾಯಿತು ಸಂಜೀವಣ್ಣ. ಇವತ್ತು ಗಂಜಿ ಬೇಯಿಸಿದ್ದು ಅದೇ ನೀರಿನಲ್ಲಿ."

ಹೋಗುವ ಜೀವಕ್ಕೆ ಸಮಾಧಾನವಾಗಲಿ ಎಂದು ಅಮ್ಮ ಹೇಳಿದ ಸುಳ್ಳು. ಸಂಜೀವಣ್ಣ ದಡಬಡಿಸಿ ಏಳಲು ಹೋದರು. ಕೈಗೆ ಚುಚ್ಚಿದ್ದ ಸೂಜಿ ಕಳಚಿತು.

"ಅಯ್ಯೋ, ಕುಡಿಯಬೇಡಿ ಅಕ್ಕ! ವಾಸನೆ ಹೋದರೂ ವಿಷ ಹೋಗಿರುವುದಿಲ್ಲ. ಕುಡಿಯಬಹುದು ಎಂದು ಲ್ಯಾಬಿನವರು ಇನ್ನೂ ಹೇಳಲಿಲ್ಲ. ಮೊಮ್ಮಕ್ಕಳಿಗೂ ಕೊಟ್ಟಿರಾ?"

ಅಮ್ಮ ಗಾಬರಿಯಾಗಿ ಅವರ ಕೈ ಹಿಡಿದುಕೊಂಡರು. "ಇಲ್ಲ, ಇಲ್ಲ. ನಾನು ಸುಳ್ಳು ಹೇಳಿದ್ದು. ಯಾರೂ ಕುಡಿಯಲಿಲ್ಲ."

"ಸತ್ಯವಾ?"

"ಸತ್ಯ. ನೀರು ಹಾಳಾಗಿಯೇ ಉಂಟು ಸಂಜೀವಣ್ಣ."

ಅವರು ಮೆಲ್ಲನೆ ದಿಂಬಿಗೆ ಒರಗಿ ಉಸಿರು ಬಿಟ್ಟರು. "ಹಾಗಾದರೆ ಆಯಿತು," ಎಂದು ಕಣ್ಣು ಮುಚ್ಚಿದರು. ಅಮ್ಮ ಆ ಕೈಯನ್ನು ಬಿಡದೆ ಅಳುತ್ತಿದ್ದರು. ಮರುದಿನ ಬೆಳಿಗ್ಗೆ ಸಂಜೀವಣ್ಣ ತೀರಿಕೊಂಡರು.