ಒಂದು ರಜೆಗೆ ಏಳು ಎಲೆ

ಚೆನ್ನೈ ಪುರಸೈವಾಕ್ಕಂನ ನಮ್ಮ ಹೋಟೆಲಿನಲ್ಲಿ ದೀಪಾವಳಿಗೆ ನಾಲ್ವರು ಸಪ್ಲಾಯರ್‌ಗಳಲ್ಲಿ ಒಬ್ಬನಿಗೆ ಮಾತ್ರ ಊರಿಗೆ ಹೋಗಲು ರಜೆ. ಅದು ಯಾರಿಗೆಂದು ಇಸ್ಪೀಟು ತೀರ್ಮಾನಿಸುತ್ತದೆ. ನಗಬೇಡಿ. ಮೊದಲು ಕಾರಣ ಕೇಳಿ ರಜೆ ಕೊಡುತ್ತಿದ್ದರು. ಆಗ ಒಬ್ಬನದೇ ಅಜ್ಜಿ ನಾಲ್ಕು ಸಲ ಸತ್ತಿದ್ದರು! ಧಣಿ ಶಂಕರನಾರಾಯಣ ರಾಯರು ರೋಸಿಹೋಗಿ, "ನೀವು ನೀವೇ ಏನಾದರೂ ಮಾಡಿಕೊಳ್ಳಿ, ನನಗೆ ಒಂದು ಹೆಸರು ಕೊಡಿ" ಎಂದುಬಿಟ್ಟರು. ಅಂದಿನಿಂದ ನಿಯಮ ಎರಡೇ. ಗೆದ್ದವನಿಗೆ ರಜೆ. ಕಾರಣ ಯಾರೂ ಬಾಯಿಬಿಡಬಾರದು. ಎಲೆ ಹಂಚುವವಳು ನಾನು, ಕ್ಯಾಶಿನಲ್ಲಿ ಕೂರುವ ಸುಗುಣಾ.

ನಾನು ಹೇಳಹೊರಟಿದ್ದು ಸಂದೇಶನ ವಿಷಯ. ಹೆಬ್ರಿ ಕಡೆಯವನು, ಮೂವತ್ತಾರು ವರ್ಷ. ಒಂಬತ್ತು ಟೇಬಲಿನ ಆರ್ಡರನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಾನೆ, ಚೀಟಿ ಪೆನ್ನು ಮುಟ್ಟಿದವನಲ್ಲ. ಅಂಥವನು ಮೂರು ದೀಪಾವಳಿ ಸೋತ. ಮಗಳು ಪ್ರಣಮ್ಯಾಗೆ ಎಂಟು ತುಂಬಿದೆ. ಈ ಹಬ್ಬಕ್ಕೆ ಯಕ್ಷಗಾನದಲ್ಲಿ ಬಾಲಗೋಪಾಲನ ವೇಷ ಹಾಕುತ್ತೇನೆಂದು ಫೋನಿನಲ್ಲಿ ಹೇಳಿದಳಂತೆ.

"ಪ್ರತಿ ವರ್ಷ ಬರ್ತೀರಾ ಪಪ್ಪ ಅಂತ ಕೇಳ್ತಿದ್ಳು ಸುಗುಣಕ್ಕ. ಈ ಸಲ ಕೇಳ್ಲೇ ಇಲ್ಲ" ಎಂದು ಕ್ಯಾಶಿನ ಮುಂದೆ ನಿಂತು ಕಣ್ಣು ತುಂಬಿಕೊಂಡ.

ನಿಯಮ ಮುರಿದದ್ದಕ್ಕೆ ಬಯ್ಯಬೇಕಿತ್ತು. ಚಿಲ್ಲರೆ ಎಣಿಸುತ್ತ ಕೇಳಿಸಿಕೊಂಡೆ.

ಆಟವನ್ನು ನಮ್ಮಲ್ಲಿಗೆ ತಂದವನು ಪ್ರವೀಣ. ಸಪ್ಲಾಯರ್ ಆಗುವ ಮೊದಲು ಎರಡು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿದ್ದು ಸ್ಟಡ್ ಪೋಕರ್ ಎಂಬ ಇಸ್ಪೀಟಾಟ ಕಲಿತು ಬಂದಿದ್ದ. ಐದೆಲೆಯದೊಂದು ಬಗೆ, ಏಳೆಲೆಯದೊಂದು, ಎಲ್ಲರಿಗಿಂತ ಕೀಳು ಎಲೆಯವನೇ ಗೆಲ್ಲುವ ಉಲ್ಟಾ ಆಟವೊಂದು. ರಜೆಗೆ ಮಾತ್ರ ಏಳೆಲೆ. ಒಬ್ಬೊಬ್ಬನಿಗೆ ಮೂರು ಎಲೆ ಮುಚ್ಚಿ, ನಾಲ್ಕು ಎಲ್ಲರಿಗೂ ಕಾಣುವಂತೆ ತೆರೆದು. ಪಣ ಹುಣಸೆ ಬೀಜ. ಬೇಡವಾದವನು ಎಲೆ ಮಡಚಿ ಹಿಂದೆ ಸರಿಯಬಹುದು. ಮಧ್ಯಾಹ್ನ ಶಟರ್ ಎಳೆದ ಮೇಲೆ ಶುರು. ನಾಲ್ಕಕ್ಕೆ ಶಟರ್ ಎತ್ತುವಾಗ ಯಾರ ಮುಂದೆ ಹೆಚ್ಚು ಬೀಜವೋ ಅವನು ಗೆದ್ದ.

ಸಂದೇಶ ಯಾಕೆ ಸೋಲುತ್ತಾನೆಂದು ನನಗೆ ಹೊಳೆದದ್ದು ಆಗಸ್ಟಿನಲ್ಲಿ. ಬಿಲ್ ಆದ ಟೇಬಲನ್ನು ಒರೆಸುವಾಗ ಒಳ್ಳೆಯ ಸಪ್ಲಾಯರ್ ತಲೆಯನ್ನೂ ಒರೆಸಿಕೊಳ್ಳುತ್ತಾನೆ. ಇಲ್ಲದಿದ್ದರೆ ಹಿಂದಿನವರ ಪೂರಿ ಮುಂದಿನವರಿಗೆ ಹೋಗುತ್ತದೆ. ಆಟದಲ್ಲೂ ಇವನದು ಅದೇ ಅಭ್ಯಾಸ. ಒಬ್ಬ ಮಡಚಿದ ಕೂಡಲೇ ಅವನ ತೆರೆದ ಎಲೆಗಳು ಇವನ ತಲೆಯಿಂದ ಮಾಯ! ಆ ಎಲೆಗಳು ಇನ್ನು ಯಾರಿಗೂ ಬರುವುದಿಲ್ಲ ಎಂಬುದೇ ಈ ಆಟದಲ್ಲಿ ತಿಳಿದಿರಬೇಕಾದ ಸಂಗತಿ.

"ಎದ್ದು ಹೋದವರನ್ನು ನೆನಪಿಡು ಮಾರಾಯ! ನಾಲ್ಕನೇ ಟೇಬಲಿನವರು ಈಗ ಎಂತ ತಿಂದು ಹೋದ್ರು? ಹೇಳು ನೋಡುವ."

"ಪೊಂಗಲ್... ಅಲ್ಲ... ಗೊತ್ತಿಲ್ಲ ಅಕ್ಕ."

ಎರಡು ತಿಂಗಳು ಹೀಗೇ ಅವನ ಜೀವ ತಿಂದೆ. ಆರ್ಡರುಗಳು ಅದಲುಬದಲಾಗಿ ಧಣಿಗಳಿಂದ ಬೈಸಿಕೊಂಡ. ಅಕ್ಟೋಬರಿನ ಹೊತ್ತಿಗೆ ಎದ್ದು ಹೋದವರದ್ದನ್ನೂ ಕೂತವರದ್ದನ್ನೂ ಬೇರೆ ಬೇರೆಯಾಗಿ ಹೇಳತೊಡಗಿದ. ಎಲೆ ಹಂಚುವವಳು ಒಬ್ಬನಿಗೆ ಮಾತ್ರ ಕಲಿಸುವುದು ಸರಿಯಾ? ಸರಿಯಲ್ಲ. ಗೊತ್ತಿದ್ದೇ ಮಾಡಿದೆ.

ಆಟದ ದಿನ ಮೂರೂ ಮುಕ್ಕಾಲಿಗೆ ಕೊನೆಯ ಕೈ ಹಂಚಿದೆ. ಸಂದೇಶನ ಮುಂದೆಯೂ ಪ್ರವೀಣನ ಮುಂದೆಯೂ ಬೀಜ ಹೆಚ್ಚುಕಡಿಮೆ ಸಮ. ಉಳಿದಿಬ್ಬರಲ್ಲಿ ಹಿರಿಯ ಐತಣ್ಣ ಮೂರು ತೆರೆದ ಎಲೆಯಾದ ಮೇಲೆ ಮಡಚಿದರು. ನಾಲ್ಕು ತೆರೆದ ಮೇಲೆ ದೀಕ್ಷಿತನೂ ಮಡಚಿದ. ಅವರ ಎಲೆಗಳನ್ನು ನಾನು ಮುಚ್ಚಿ ಪಕ್ಕಕ್ಕೆ ಸರಿಸಿದೆ. ಪ್ರವೀಣನ ಎದುರು ತೆರೆದು ಬಿದ್ದದ್ದು ನಾಲ್ಕೂ ಕೆಂಪು ಆಟೀನು. ಮುಚ್ಚಿದ ಮೂರರಲ್ಲಿ ಇನ್ನೊಂದು ಆಟೀನು ಇದ್ದರೆ ಒಂದೇ ಜಾತಿಯ ಐದಾಗುತ್ತದೆ, ಸಂದೇಶನ ಕತೆ ಮುಗಿಯುತ್ತದೆ. ಪ್ರವೀಣ ತನ್ನ ಬೀಜವನ್ನೆಲ್ಲ ನಡುವಿಗೆ ತಳ್ಳಿದ.

ಸಂದೇಶನ ಬಳಿ ಎರಡು ರಾಜ, ಎರಡು ಒಂಬತ್ತು. ಐದು ಆಟೀನಿನ ಮುಂದೆ ಅದು ಏನೂ ಅಲ್ಲ. ಮಡಚಿದರೆ ಪ್ರವೀಣನೇ ಮುಂದಾಗುತ್ತಾನೆ, ಇನ್ನೊಂದು ಕೈಗೆ ಹೊತ್ತಿಲ್ಲ. ಹೊರಗೆ ಯಾರೋ ಶಟರ್ ಬಡಿದು, "ಅಣ್ಣೇ, ಕಾಪಿ ಇರುಕ್ಕಾ?" ಎಂದು ತಮಿಳಿನಲ್ಲಿ ಕಾಫಿಗೆ ಕೂಗಿದರು.

"ಇರಿ ಸ್ವಾಮಿ!" ಎಂದು ಒಳಗಿನಿಂದಲೇ ಗದರಿದೆ. ನನ್ನ ಅಂಗೈ ಬೆವರಿ ಕಟ್ಟು ಜಾರುತ್ತಿತ್ತು.

ಸಂದೇಶ ಮೇಲೆ ನೋಡಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಐತಣ್ಣನ ಹತ್ತಿರ ಎರಡು ಆಟೀನು. ದೀಕ್ಷಿತನ ಹತ್ತಿರ ಮೂರು. ತನ್ನಲ್ಲೇ ಮೂರು. ಪ್ರವೀಣನ ಎದುರು ನಾಲ್ಕು. ಹದಿಮೂರು ಆಟೀನಿನಲ್ಲಿ ಹನ್ನೆರಡು ಕಂಡಾಗಿತ್ತು, ಉಳಿದದ್ದು ಒಂದೇ ಒಂದು. ಅದು ಪ್ರವೀಣನ ಕೈಯಲ್ಲೂ ಇರಬಹುದಿತ್ತು. ಸಂದೇಶ ತನ್ನ ಬೀಜವಷ್ಟನ್ನೂ ನಡುವಿಗೆ ತಳ್ಳಿದ.

"ತೆಗಿ" ಎಂದ.

ಪ್ರವೀಣ ಒಂದೊಂದಾಗಿ ಮಗುಚಿದ. ಕಪ್ಪು ಹತ್ತು. ಕಪ್ಪು ಎರಡು. ಮೂರನೆಯದು ಕೆಂಪು! ಡೈಮನ್ ಎಂಟು. ತೆರೆದದ್ದರಲ್ಲೊಂದು, ಮುಚ್ಚಿದ್ದರಲ್ಲೊಂದು, ಬರೀ ಎರಡು ಹತ್ತು ಇಟ್ಟುಕೊಂಡು ಹೆದರಿಸಿದ್ದ ಕಳ್ಳ!

ಸಂದೇಶ ಕಿರುಚಲಿಲ್ಲ. ಹಿತ್ತಲಿಗೆ ಓಡಿ ಮನೆಗೆ ಫೋನ್ ಮಾಡಿದ. "ಬರ್ತೇನೆ ಮಗಾ, ಬಂದೇ ಬರ್ತೇನೆ" ಎನ್ನುವುದು ಇಲ್ಲಿಗೂ ಕೇಳಿತು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಪ್ರವೀಣ ಎಲೆಗಳನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟ. ನಲವತ್ತೊಂದರ ಗಂಡಸು, ಮುಖ ಸಣ್ಣದಾಗಿತ್ತು.

"ಕಾರಣ ಹೇಳಬಾರದು, ಗೊತ್ತುಂಟು. ಆಟ ಮುಗೀತಲ್ಲ, ಹೇಳ್ತೇನೆ ಸುಗುಣಕ್ಕ. ಎರಡು ಸಲ ಗೆದ್ದು ಹೋದದ್ದೂ ಹೆಣ್ಣು ನೋಡ್ಲಿಕ್ಕೆ. ಹೋಟೆಲಿನವ ಬೇಡ ಅಂದ್ರು. ಈ ಸಲ ಒಬ್ಬಳು ಒಪ್ಪಿದ್ದಾಳೆ. ಹಬ್ಬಕ್ಕೆ ಬಂದು ಮುಖ ತೋರಿಸಿದ್ರೆ ಸಾಕು ಅಂದಿದ್ದಾಳೆ." ಮತ್ತೆ ಕೇಳಿದ, "ಫೋನಿನಲ್ಲಿ ತೋರಿಸಿದ್ರೆ ಸಾಕಾಗ್ತದಾ ಅಕ್ಕ?"

ಸಂದೇಶ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಮುಖ ನೋಡಿದ. ಅವನು ರಜೆ ಬಿಟ್ಟುಕೊಟ್ಟ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತಿತ್ತು. ಬಿಟ್ಟುಕೊಡಲಿಲ್ಲ. ಬಿಟ್ಟುಕೊಡು ಎಂದು ನಾನೂ ಹೇಳಲಿಲ್ಲ.

"ಸಾಕಾಗ್ತದೆ ಪ್ರವೀಣ. ಈಗೆಲ್ಲ ಹಾಗೇ ಅಲ್ವಾ" ಎಂದೆ.

ಪ್ರವೀಣ ನಂಬಿದವನಂತೆ ತಲೆಯಾಡಿಸಿ ಶಟರ್ ಎತ್ತಲು ಹೋದ. ಸಂದೇಶ ತಲೆ ತಗ್ಗಿಸಿ, ಫೋನಿನಲ್ಲಿ ಉಡುಪಿ ಬಸ್ಸಿನ ಟಿಕೆಟ್ ಹುಡುಕತೊಡಗಿದ.