ಪೋಪ್ ಪಾಠ ಮತ್ತು ಪಾರವ್ವನ ಬರಿಗಾಲು

ಕಳೆದ ಮಂಗಳವಾರ ನನ್ನ ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಒಬ್ಬಳು ಮಾತ್ರ ಅತ್ತಳು.

ನಾನು ಗದಗಿನ ಕಾಲೇಜೊಂದರಲ್ಲಿ ಇತಿಹಾಸದ ಮಾಸ್ತರ, ನಿಮಗೆ ಗೊತ್ತೇ ಇದೆ. ಅಂದು ಪೋಪ್ ಮತ್ತು ರಾಜರ ಜಗಳದ ಪಾಠ. ಬಿಷಪ್‌ಗಳನ್ನು ನೇಮಿಸುವವರು ಯಾರು ಎಂಬ ಹಟ. ಸಿಟ್ಟಾದ ಪೋಪ್, ಜರ್ಮನಿಯ ದೊರೆಯನ್ನು ಧರ್ಮದಿಂದಲೇ ಹೊರಹಾಕಿದ. ಅವನ ಮಾತು ಯಾರೂ ಕೇಳಬೇಕಿಲ್ಲ ಎಂದ. ಕೊನೆಗೆ ದೊರೆ ಮೂರು ದಿನ ಹಿಮದಲ್ಲಿ ಬರಿಗಾಲಲ್ಲಿ ನಿಂತು ಕ್ಷಮೆ ಬೇಡಿದ.

(ಬರಿಗಾಲು ಬಂದಾಗ ನಾನು ಸ್ವಲ್ಪ ಆ್ಯಕ್ಟಿಂಗ್ ಮಾಡುತ್ತೇನೆ. ಮಕ್ಕಳು ನಗಲಿ ಎಂದೇ.)

ಪಾಠ ಮುಗಿದರೂ ರೇಣುಕಾ ಬೆಂಚಿನಿಂದ ಏಳಲಿಲ್ಲ. ಶಿರಹಟ್ಟಿ ಕಡೆಯ ಹಳ್ಳಿಯವಳು (ಊರ ಹೆಸರು ಬೇಡ).

"ಸರ, ನಮ್ಮವ್ವನೂ ಹಂಗ ನಿಂತಿದ್ಲರಿ."

ಅವಳ ತಾಯಿ ಪಾರವ್ವ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಪಂಚಾಯಿತಿ ಜಾಗದಲ್ಲಿ ಅಂಗನವಾಡಿ ಕಟ್ಟಿಸಲು ಹೊರಟರು. ಆ ಜಾಗ ಮಠಕ್ಕೆ ಬೇಕೆಂದರು ಊರಿನ ಅಜ್ಜಾರು, ಅಂದರೆ ಸ್ವಾಮಿಗಳು. ಪಾರವ್ವ ಒಪ್ಪಲಿಲ್ಲ. ಮರುದಿನವೇ ಅಪ್ಪಣೆ: ಆ ಮನೆಯವರೊಂದಿಗೆ ಯಾರೂ ಮಾತಾಡಕೂಡದು.

ಗಿರಣಿಯಲ್ಲಿ ಅವರ ಜೋಳ ಬೀಸಲಿಲ್ಲ. ಹೋಗಲಿ, ಲಕ್ಷ್ಮೇಶ್ವರದಲ್ಲಿ ಬೀಸಿಸಬಹುದು. ಆದರೆ ಅದೇ ವಾರ ರೇಣುಕಾಳ ಅಜ್ಜಿ ತೀರಿಕೊಂಡರು. ಹೆಣಕ್ಕೆ ಹೆಗಲು ಕೊಡಲು ಒಬ್ಬರೂ ಬರಲಿಲ್ಲ.

ನಾನು ಅವಳ ಎದುರಿನ ಬೆಂಚಿನಲ್ಲಿ ಕುಳಿತೆ. ಮುಂದೆ?

"ಅವ್ವ ಚಪ್ಪಲಿ ಬಿಟ್ಟು ಮಠದ ಬಾಗಲಕ ನಿಂತ್ಲರಿ. ಬ್ಯಾಸಗಿ ಬಿಸಲು. ಮಧ್ಯಾಹ್ನದ ಮಟ ಬಾಗಲಾ ತೆಗೀಲಿಲ್ಲ. ತಪ್ಪಾತು ಅಂದ ಮ್ಯಾಲೆ ಹೆಣಾ ಹೊರಾಕ ನಾಕ ಮಂದಿ ಕಳಿಸಿದ್ರು."

"ಪೊಲೀಸರಿಗೆ ಹೇಳಲಿಲ್ಲವೇನವ್ವಾ?"

"ಹೇಳೇವ್ರಿ. ಬಂದ ಸಾಹೇಬ್ರು ಮೊದಲ ಅಜ್ಜಾರ ಕಾಲಿಗೆ ಬಿದ್ರು."

"ಅಂಗನವಾಡಿ?"

ರೇಣುಕಾ ಕಣ್ಣೊರೆಸಿಕೊಂಡಳು. "ಅಜ್ಜಿ ಮಣ್ಣಾದ ಮೂರನೇ ದಿನಕ್ಕ ಅವ್ವ ಅಂಗನವಾಡಿ ಅಲ್ಲೇ ಕಟ್ಟೂ ಠರಾವಿಗೆ ಸಹಿ ಹಾಕಿದ್ಲರಿ. ಈಗ ಗ್ವಾಡಿ ಎದ್ದಾವ. ನಮ್ಮ ಮನಿಗಿ ಮಾತ್ರ ಇನ್ನೂ ಯಾರೂ ಬರಂಗಿಲ್ಲ."

ಯೋಚಿಸಿ. ದೊರೆಯನ್ನು ಬರಿಗಾಲಲ್ಲಿ ನಿಲ್ಲಿಸಿದ್ದು ಪೋಪನ ಕತ್ತಿಯೇ? ಅಲ್ಲ. ಪೋಪ್ ಹೇಳಿದನೆಂದು ಬೆನ್ನು ತಿರುಗಿಸಿದ ಸ್ವಂತ ಜನ. ಇಪ್ಪತ್ತು ವರ್ಷ ಈ ಪಾಠ ಹೇಳಿದ್ದೇನೆ. ಇದು ಒಮ್ಮೆಯೂ ಹೊಳೆದಿರಲಿಲ್ಲವಲ್ಲ!

ಹೊಸ ಅಂಗನವಾಡಿಗೆ ಮಕ್ಕಳ ಹೆಸರು ಬರೆಸಲು ಊರಿನವರು ಈಗಲೇ ಮುಗಿಬಿದ್ದಿದ್ದಾರಂತೆ, ಪಾರವ್ವನ ಮುಖ ನೋಡದೆ.